ಅಮ್ಮನ ಇಸ್ತ್ರಿ ಪೆಟ್ಟಿಗೆ: ಬಿಸಿ ಆಗ್ಬೇಕಾದ ಜಾಗ ಒಂದು, ಆಗಿದ್ದು ಇನ್ನೊಂದು

ಮಂಡ್ಯದ ನಮ್ಮ ಮನೆಯಲ್ಲಿ ಅಮ್ಮನ ಇಸ್ತ್ರಿ ಪೆಟ್ಟಿಗೆಗೆ ಒಂದು ಮರ್ಯಾದೆ ಇದೆ. ನಾನು ಹೈಸ್ಕೂಲಲ್ಲಿದ್ದಾಗ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಚೌಕಾಸಿ ಮಾಡಿ ತಂದಿದ್ದು. ಕಪ್ಪು ಬೇಕಲೈಟ್ ಹಿಡಿ, ದಪ್ಪ ತಳ, ಎತ್ತಿದರೆ ಕೈಗೆ ತೂಕ ಗೊತ್ತಾಗುತ್ತೆ. ಈಗಿನ ಹಗುರ ಪೆಟ್ಟಿಗೆಗಳನ್ನು ಅಮ್ಮ ಲೆಕ್ಕಕ್ಕೇ ಇಟ್ಟಿಲ್ಲ. "ಅದ್ರಲ್ಲಿ ಒತ್ತೋಳು ನಾನು, ಇದ್ರಲ್ಲಿ ಒತ್ತೋದು ಪೆಟ್ಟಿಗೆ" ಅಂತಾಳೆ.

ಅದು ಒಂದು ಶನಿವಾರ ಕೈಕೊಟ್ಟಿತು. ಕೆಂಪು ದೀಪ ಹತ್ತುತ್ತೆ, ತಳ ಮಾತ್ರ ಐಸು.

"ದೀಪ ಉರೀತದೆ, ಕರೆಂಟು ಬತ್ತಾ ಅದೆ, ಮತ್ಯಾಕ್ಲಾ ಕಾಯಕಿಲ್ಲ?"

ಅಮ್ಮನ ಪ್ರಶ್ನೆ ಸರಿಯಾಗೇ ಇತ್ತು. ದೀಪ ಹತ್ತುತ್ತೆ ಅಂದರೆ ವೈರು ಸರಿ ಇದೆ, ಬಿಸಿ ಮಿತಿ ಮೀರದ ಹಾಗೆ ನೋಡಿಕೊಳ್ಳೋ ಒಳಗಿನ ಥರ್ಮೋಸ್ಟಾಟೂ ಕರೆಂಟು ಬಿಡ್ತಾ ಇದೆ. ಆ ದೀಪ ಥರ್ಮೋಸ್ಟಾಟ್ ದಾಟಿದ ಮೇಲೆ ಎಲಿಮೆಂಟಿನ, ಅಂದರೆ ಬಿಸಿ ಹುಟ್ಟಿಸೋ ಪಟ್ಟಿಯ, ಪಕ್ಕದಲ್ಲೇ ಕೂತಿರುತ್ತೆ. ಅಲ್ಲಿವರೆಗೆ ಬಂದಿದ್ದು ಎಲಿಮೆಂಟಿನೊಳಗೆ ಹೋಗ್ತಿಲ್ಲ ಅಂದರೆ ಎಲಿಮೆಂಟೇ ತುಂಡಾಗಿರಬೇಕು. ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆಯೋದಕ್ಕೆ, ಇಟ್ಟು, ತ್ರೀ ಪಿನ್ನಿನ ಎರಡು ಸಣ್ಣ ಪಿನ್ನುಗಳಿಗೆ ಮುಟ್ಟಿಸಿದೆ. ಏನೂ ತೋರಿಸಲಿಲ್ಲ. ಎಷ್ಟು ತೋರಿಸಬೇಕಿತ್ತು ಅನ್ನೋದು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಪೆಟ್ಟಿಗೆ ಮೇಲೆ 750 ವ್ಯಾಟ್ ಅಂತ ಬರೆದಿದೆ. ಮನೆಗೆ ಬರೋದು 230 ವೋಲ್ಟ್. 230ನ್ನು 230ರಿಂದ ಗುಣಿಸಿ 750ರಿಂದ ಭಾಗಿಸಿದರೆ ಸುಮಾರು 70 ಓಮ್. ಅದರಲ್ಲಿ ಹರಿಯೋ ಕರೆಂಟು 3.3 ಆಂಪಿಯರಿಗೆ ಹತ್ತಿರ. ಈ ಎರಡು ಅಂಕಿ ನೆನಪಿಡಿ, ಮುಂದೆ ಮತ್ತೆ ಬರುತ್ತವೆ.

ಬಿಚ್ಚೋದು ಕಷ್ಟ ಅಲ್ಲ, ಆದರೆ ಆತುರ ಪಡಬಾರದು. ಹಿಂದಿನ ಸಣ್ಣ ಮುಚ್ಚಳ, ಆಮೇಲೆ ವೈರಿನ ಮೂರು ತುದಿ, ಆಮೇಲೆ ಹಿಡಿಯ ನಟ್ಟು, ಮೇಲಿನ ಹೊಳಪಿನ ಕವಚ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಂಡೆ. ಇಪ್ಪತ್ತೈದು ವರ್ಷದ ತುಕ್ಕಿಗೆ ನಟ್ಟುಗಳು ಅಲ್ಲಾಡಲೇ ಇಲ್ಲ. ತುಕ್ಕು ಬಿಡಿಸೋ ಎಣ್ಣೆ ಎರಡು ಹನಿ ಬಿಟ್ಟು, ಕಾಫಿ ಕುಡಿದು ಬಂದ ಮೇಲೆ ಬಂದವು. ಕವಚದ ಕೆಳಗೆ ಒಂದು ಎರಕದ ಕಬ್ಬಿಣದ ಗಟ್ಟಿ ಇದೆ. ಅಮ್ಮ ಹೇಳೋ ತೂಕ ಅದೇ. ಅದರ ಕೆಲಸ ಬರೀ ತೂಕ ಅಲ್ಲ, ಎಲಿಮೆಂಟನ್ನು ತಳಕ್ಕೆ ಬಿಗಿಯಾಗಿ ಒತ್ತಿ ಹಿಡಿಯೋದೂ ಅದೇ.

ಗಟ್ಟಿ ತೆಗೆದರೆ ಬೂದು ಬಣ್ಣದ ರಟ್ಟಿನಂಥ ಹಾಳೆ. ಇಲ್ಲಿ ಸ್ವಲ್ಪ ನಿಲ್ಲಿ. ಹಳೇ ಪೆಟ್ಟಿಗೆಗಳಲ್ಲಿ ಇದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಆಗಿರೋ ಸಾಧ್ಯತೆ ಜಾಸ್ತಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆ ಮಾಡಿ, ಮುರಿಯದ ಹಾಗೆ ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿಟ್ಟೆ. ಊದಬೇಡಿ, ಬ್ರಷ್ಷಲ್ಲಿ ಉಜ್ಜಬೇಡಿ.

ಅದರ ಕೆಳಗಿದೆ ಎಲಿಮೆಂಟು. ಎರಡು ಅಭ್ರಕದ ಹಾಳೆ, ಮಧ್ಯೆ ಇನ್ನೊಂದು ಹಾಳೆಗೆ ಸುತ್ತಿದ ತೆಳು ಲೋಹದ ಪಟ್ಟಿ. ಅಭ್ರಕ ಅಂದರೆ ನಾವು ಚಿಕ್ಕಂದಿನಲ್ಲಿ ಕಾಗೆಬಂಗಾರ ಅಂತ ಆರಿಸಿಕೊಂಡು ಬರ್ತಿದ್ದೆವಲ್ಲ, ಪದರ ಪದರವಾಗಿ ಸುಲಿಯೋ ಹೊಳೆಯೋ ಕಲ್ಲು, ಅದೇ. ಕರೆಂಟಿಗೆ ದಾರಿ ಕೊಡಲ್ಲ, ಬಿಸಿಗೆ ಸುಡಲ್ಲ. ಇಸ್ತ್ರಿ ಪೆಟ್ಟಿಗೆಗೆ ಇಂಥದ್ದೇ ಬೇಕು.

ಪಟ್ಟಿ ನೈಕ್ರೋಮಿನದು. ಹೆಚ್ಚುಕಮ್ಮಿ 80 ಭಾಗ ನಿಕ್ಕಲ್, 20 ಭಾಗ ಕ್ರೋಮಿಯಂ. ತಾಮ್ರಕ್ಕಿಂತ 60 ಪಟ್ಟಿಗೂ ಜಾಸ್ತಿ ತಡೆ ಒಡ್ಡುತ್ತೆ. ಹತ್ತನೇ ತರಗತಿ ಪುಸ್ತಕದಲ್ಲಿ ರೋಧ ಅಂತಾರೆ, ನಾನು ತಡೆ ಅಂತಲೇ ಬರೀತೀನಿ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ಕಾದಾಗ ಇದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಗಟ್ಟಿ ಪೊರೆ ಕಟ್ಟುತ್ತೆ, ಆ ಪೊರೆ ಒಳಗಿನ ಲೋಹಕ್ಕೆ ಗಾಳಿ ತಾಗಕ್ಕೆ ಬಿಡಲ್ಲ. ಅದಕ್ಕೇ ವರ್ಷಗಟ್ಟಲೆ ಕೆಂಪಗೆ ಕಾದರೂ ಬೇಗ ಸವೆಯಲ್ಲ. ಟೋಸ್ಟರ್, ಹೇರ್ ಡ್ರೈಯರ್, ರೂಮ್ ಹೀಟರ್ ಹೆಚ್ಚಿನವುಗಳ ಹೊಟ್ಟೆಯಲ್ಲೂ ಇದರ ವಂಶದವೇ ಇರೋದು.

ತುಂಡಾಗಿದ್ದು ಎಲ್ಲಿ ಅಂತ ಹುಡುಕಿದೆ. ಪಟ್ಟಿಯ ನಡುವೆ ಎಲ್ಲೂ ಅಲ್ಲ. ತುದಿಯಲ್ಲಿ, ನೈಕ್ರೋಮ್ ಪಟ್ಟಿಯನ್ನು ಹೊರಗಿನ ಅಗಲ ಪಟ್ಟಿಗೆ ರಿವೆಟ್ ಹೊಡೆದು ಸೇರಿಸಿದ್ದ ಜಾಗದಲ್ಲಿ. ಆ ಜಾಗ ಕಪ್ಪಾಗಿ, ಅಂಚು ಹುಡಿಹುಡಿಯಾಗಿತ್ತು. ಅಭ್ರಕ ಕೂಡ ಅಲ್ಲೇ ಒಂದು ರೂಪಾಯಿ ಅಗಲ ಬೆಳ್ಳಗೆ ಸುಟ್ಟಿತ್ತು. ನೋಡಿದೆ, ಫೋಟೋ ತೆಗೆದೆ, ವಯಸ್ಸಾಯ್ತು ಅಂದುಕೊಂಡು ಸುಮ್ಮನಾದೆ. ಅಲ್ಲೇ ಸ್ವಲ್ಪ ಯೋಚಿಸಿದ್ದರೆ ಇನ್ನೊಂದು ಭಾನುವಾರ ಉಳೀತಿತ್ತು.

ತುಂಡಾದ ತುದಿಗಳನ್ನು ಹೊಸೆದು ಕಟ್ಟಿಬಿಡೋಣ ಅಂತ ಒಂದು ಗಳಿಗೆ ಅನ್ನಿಸಿತು. ಅದಕ್ಕೆ ಕಾರಣ ನಮ್ಮ ಸೋದರತ್ತೆ. ಮದ್ದೂರಿನ ಹತ್ತಿರ ಅವರ ಊರಲ್ಲಿ ಒಂದು ಕಾಯಿಲ್ ಒಲೆ ಇತ್ತು. ಪಿಂಗಾಣಿ ಬಿಲ್ಲೆಯ ಸಣ್ಣ ಕಾಲುವೆಯಲ್ಲಿ ಸುರುಳಿ ಸುರುಳಿ ತಂತಿ. ತುಂಡಾದಾಗಲೆಲ್ಲ ಅತ್ತೆ ಒಲೆ ಆರಿಸಿ, ಎರಡು ತುದಿ ಎಳೆದು ಗಂಟು ಹಾಕ್ತಿದ್ದರು. ಪ್ರತಿ ಗಂಟಿಗೂ ತಂತಿ ಒಂದು ಗೇಣು ಕಮ್ಮಿ ಆಗ್ತಿತ್ತು, ಒಲೆ ಇನ್ನೂ ಜೋರಾಗಿ ಕಾಯ್ತಿತ್ತು. "ಗಂಟಾಕಿದ್ ಮ್ಯಾಲೆ ಸಂದಾಗ್ ಕಾಯ್ತದೆ ಕಣ್ ಮಗಾ" ಅಂತ ಅತ್ತೆಗೆ ಖುಷಿ. ತಂತಿ ಗಿಡ್ಡ ಆದರೆ ತಡೆ ಕಮ್ಮಿ, ತಡೆ ಕಮ್ಮಿ ಆದರೆ ಕರೆಂಟು ಜಾಸ್ತಿ, ಬಿಸೀನೂ ಜಾಸ್ತಿ. ಕೊನೆಗೆ ಒಂದು ದಿನ ಫ್ಯೂಸು ಹಾರಿ, ಇಡೀ ಮನೆ ಕತ್ತಲಾಯ್ತು. ಇಸ್ತ್ರಿ ಪೆಟ್ಟಿಗೆಯಲ್ಲಿ ಗಂಟು ಹಾಕಿದರೆ ಅದಕ್ಕಿಂತ ಕೆಟ್ಟದ್ದು. ಗಂಟು ಉಬ್ಬಿ ಅಭ್ರಕ ಚುಚ್ಚಿದರೆ ಕರೆಂಟು ತಳಕ್ಕೇ ಬರುತ್ತೆ.

ಬೆಸುಗೆನೂ ಆಗಲ್ಲ. ನಾವು ಹಾಕೋ ತವರ ಸೀಸದ ಬೆಸುಗೆ 190 ಡಿಗ್ರಿ ಒಳಗೇ ಕರಗಿಹೋಗುತ್ತೆ. ಹತ್ತಿ ಬಟ್ಟೆಗೆ ಪೆಟ್ಟಿಗೆ ತಳ 200 ಡಿಗ್ರಿ ಮುಟ್ಟುತ್ತೆ. ಅದಕ್ಕೇ ಇಸ್ತ್ರಿ ಪೆಟ್ಟಿಗೆ ಒಳಗೆ ಎಲ್ಲ ಜೋಡಣೆಯೂ ರಿವೆಟ್ಟು, ಇಲ್ಲವೇ ಹಿತ್ತಾಳೆ ನಟ್ಟು ವಾಷರು.

ಸಂಜೆ ಪೇಟೆ ಬೀದಿಗೆ ಹೋದೆ. ಎಲೆಕ್ಟ್ರಿಕಲ್ ಅಂಗಡಿಯವರು ಹಳೇ ಎಲಿಮೆಂಟ್ ನೋಡಿದ ತಕ್ಷಣ, "ಏಳ್ನೂರೈವತ್ತಾ ಸಾರ್? ತೂಕದ ಪೆಟ್ಟಿಗೆದು. ಇನ್ನೂ ಇಟ್ಕಂಡಿದ್ದೀರಾ?" ಅಂತ ಮೇಲಿನ ಅಟ್ಟದಿಂದ ಧೂಳು ಹಿಡಿದ ಪೊಟ್ಟಣ ಇಳಿಸಿದರು. ಹೊಸ ಎಲಿಮೆಂಟು, ಒಂದು ಅಭ್ರಕದ ಹಾಳೆ, ಬಟ್ಟೆ ಹೆಣೆದ ಎರಡು ಮೀಟರ್ ವೈರು. ವೈರು ಬಟ್ಟೆಯದೇ ಬೇಕು. ಸಾದಾ ಪಿವಿಸಿ ವೈರು ಬಿಸಿ ತಳಕ್ಕೆ ಒಂದು ಸಲ ತಾಗಿದರೆ ಸಾಕು, ಕರಗಿ ಅಂಟಿಕೊಳ್ಳುತ್ತೆ. ಅಂಗಡಿಯಲ್ಲೇ ಮೀಟರ್ ಹಿಡಿದು ನೋಡಿದೆ, ಎಲಿಮೆಂಟು 71 ಓಮ್. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ಇಲ್ಲೊಂದು ಅಡ್ಡ ಮಾತು. ತಣ್ಣಗಿದ್ದಾಗ ಅಳೆದ 71, ಕಾದಾಗಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ನೈಕ್ರೋಮಿನ ಗುಣ ಅದು. ಇದೇ ಆಟ ಹಳೇ 100 ವ್ಯಾಟಿನ ಬಲ್ಬಿನ ಜೊತೆ ಆಡಿದರೆ ಮೋಸ ಹೋಗ್ತೀರಿ. ಲೆಕ್ಕದ ಪ್ರಕಾರ ಅದು 529 ಓಮ್ ಇರಬೇಕು. ನನ್ನ ಹತ್ತಿರ ಇದ್ದದ್ದು ತಣ್ಣಗೆ 38 ತೋರಿಸಿತು. ಬಲ್ಬಿನ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ದಾಟಿ ಬೆಳ್ಳಗೆ ಉರಿಯುವಾಗ ಅದರ ತಡೆ ಹದಿಮೂರು ಹದಿನಾಲ್ಕು ಪಟ್ಟು ಏರುತ್ತೆ. ಆ ಬಲ್ಬೂ ಅಸಲಿಗೆ ಒಂದು ಹೀಟರೇ. ತಿನ್ನೋ ಕರೆಂಟಿನಲ್ಲಿ ಬೆಳಕಾಗೋದು ಚಿಟಿಕೆಯಷ್ಟು, ಉಳಿದಿದ್ದೆಲ್ಲ ಬಿಸಿ.

ಭಾನುವಾರ ಜೋಡಿಸಿದೆ. ತಳವನ್ನು ಒರೆಸಿ, ಅಭ್ರಕದ ಹಾಳೆ, ಎಲಿಮೆಂಟು, ಮತ್ತೆ ಹಾಳೆ, ಗಟ್ಟಿ. ಗಟ್ಟಿಯ ನಟ್ಟು ಚೆನ್ನಾಗಿ ಬಿಗಿ ಮಾಡಬೇಕು. ಸಡಿಲ ಇದ್ದರೆ ಎಲಿಮೆಂಟಿಗೂ ತಳಕ್ಕೂ ನಡುವೆ ಗಾಳಿ ಉಳಿಯುತ್ತೆ. ಬಿಸಿ ಬಟ್ಟೆಗೆ ಇಳಿಯಲ್ಲ, ಎಲಿಮೆಂಟ್ ತನ್ನನ್ನೇ ಸುಟ್ಟುಕೊಳ್ಳುತ್ತೆ. ಥರ್ಮೋಸ್ಟಾಟಿನ ಬೆಳ್ಳಿ ಚುಕ್ಕೆಗಳು ಕಪ್ಪಾಗಿದ್ದವು. ನಡುವೆ ಒಂದು ಬಿಳಿ ಕಾಗದದ ಪಟ್ಟಿ ತೂರಿಸಿ ನಾಲ್ಕು ಸಲ ಎಳೆದೆ, ಕಾಗದಕ್ಕೆ ಮಸಿ ಬಂತು. ಥರ್ಮೋಸ್ಟಾಟ್ ಅಂದರೆ ದೊಡ್ಡ ಮಾಯೆ ಏನಲ್ಲ. ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಲೋಹದ ಪಟ್ಟಿ. ಕಾದಾಗ ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಮ್ಮಿ. ಜೋಡಿ ಬಾಗುತ್ತೆ, ಚುಕ್ಕೆ ಬಿಟ್ಟುಕೊಳ್ಳುತ್ತೆ, ಕರೆಂಟು ನಿಲ್ಲುತ್ತೆ. ತಣ್ಣಗಾದರೆ ನೇರ ಆಗಿ ಮತ್ತೆ ಕೂಡಿಕೊಳ್ಳುತ್ತೆ. ಅದರ ನಡುವಿನ ಪುಟ್ಟ ಸ್ಕ್ರೂ ಮುಟ್ಟಬೇಡಿ. ಕಾರ್ಖಾನೆಯವರು ಬಿಸಿಯ ಮಿತಿ ಇಟ್ಟಿರೋದು ಅದರಲ್ಲೇ.

ಗೋಡೆಗೆ ಚುಚ್ಚೋ ಮುಂಚೆ ಎರಡು ಪರೀಕ್ಷೆ. ಮೊದಲನೇದು ಅರ್ಥ್. ದಪ್ಪ ಪಿನ್ನಿಗೂ ತಳಕ್ಕೂ ನಡುವೆ ಓಮ್ ಹೆಚ್ಚುಕಮ್ಮಿ ಸೊನ್ನೆ ಬರಬೇಕು, ಬಂತು. ಸಣ್ಣ ಪಿನ್ನುಗಳಿಗೂ ತಳಕ್ಕೂ ನಡುವೆ ಏನೂ ಬರಬಾರದು, ಬರಲಿಲ್ಲ. ಆದರೆ ಮಲ್ಟಿಮೀಟರ್ ಕೆಲವೇ ವೋಲ್ಟಲ್ಲಿ ನೋಡುತ್ತೆ. 230ಕ್ಕೆ ಸೋರೋದು ಅದರ ಕಣ್ಣಿಗೆ ಬೀಳದೇ ಇರಬಹುದು. ಹಾಗಾಗಿ ನಮ್ಮ ಬೀದಿ ತುದಿಯ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಮಂಡ್ಯ ಕಡೆ ಪಂಪ್‌ಸೆಟ್ಟಿಗೆ ಬರವೇ? ವೈಂಡಿಂಗ್ ಅಂಗಡಿ ಇದ್ದೆಡೆ 500 ವೋಲ್ಟಿನ ಮೆಗ್ಗರ್, ಅಂದರೆ ಜಾಸ್ತಿ ವೋಲ್ಟಲ್ಲಿ ಸೋರಿಕೆ ನೋಡೋ ಮೀಟರ್, ಇದ್ದೇ ಇರುತ್ತೆ. "ಏನ್ ಸಾ, ಐದ್ ಎಚ್‌ಪಿ ಮೋಟ್ರು ತಂದಂಗೆ ತಂದಿದ್ದೀರಿ" ಅಂತ ಅಂಗಡಿಯವನು ನಗ್ತಾ ಹಿಡಿದು ನೋಡಿದ. ನೂರು ಮೆಗಾ ಓಮಿಗೂ ಮೇಲೆ. ಕಾಸು ಬೇಡ ಅಂದ.

ಎರಡನೇದು ಸೀರೀಸ್ ಬಲ್ಬು. ಒಂದು ಹಲಗೆ ಮೇಲೆ ಅದೇ 100 ವ್ಯಾಟಿನ ಬಲ್ಬು, ಅದನ್ನು ದಾಟಿಯೇ ಕರೆಂಟು ಪೆಟ್ಟಿಗೆಗೆ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತೆ ಅಷ್ಟೇ, ಮನೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್ಚು) ಹಾರಲ್ಲ. ಚುಚ್ಚಿದೆ. ಬಲ್ಬು ಸ್ವಲ್ಪ ಮಂಕಾಗಿ ಹತ್ತಿತು, ಪೆಟ್ಟಿಗೆ ಬೆಚ್ಚಗೂ ಆಗಲಿಲ್ಲ. ಪಕ್ಕದಲ್ಲಿ ಕೂತು ನೋಡ್ತಿದ್ದ ಅಕ್ಕನ ಮಗಳು, ಹತ್ತನೇ ತರಗತಿ, ತಕ್ಷಣ ಹಿಡಿದಳು. "ಮಾವ, ಪೆಟ್ಟಿಗೆ 750, ಬಲ್ಬು 100. ಪೆಟ್ಟಿಗೇನೇ ಜಾಸ್ತಿ ಕಾಯ್ಬೇಕು ತಾನೇ?"

ಇದು ಒಳ್ಳೇ ಪ್ರಶ್ನೆ. ಎರಡರಲ್ಲೂ ಹರೀತಿರೋದು ಒಂದೇ ಕರೆಂಟು, ಯಾಕಂದ್ರೆ ದಾರಿ ಒಂದೇ. ಮ್ಯಾಂಚೆಸ್ಟರಿನ ಹತ್ತಿರ ಬಿಯರ್ ಕಾಯಿಸೋ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೂಲ್ 1840ರ ಆಸುಪಾಸಿನಲ್ಲಿ ತಂತಿ ಸುರುಳಿಯನ್ನು ನೀರಲ್ಲಿ ಮುಳುಗಿಸಿ, ನೀರು ಎಷ್ಟು ಬಿಸಿಯಾಯ್ತು ಅಂತ ಅಳೆದು ಕಂಡುಕೊಂಡಿದ್ದು ಇದನ್ನೇ. ಬಿಸಿ ಅಂದರೆ ಕರೆಂಟು ಗುಣಿಸು ಕರೆಂಟು, ಗುಣಿಸು ತಡೆ, ಗುಣಿಸು ಹೊತ್ತು. ಕರೆಂಟು ಒಂದೇ ಇದ್ದಾಗ ಯಾರ ತಡೆ ಜಾಸ್ತಿಯೋ ಅವರಿಗೇ ಬಿಸಿ. ಬಲ್ಬಿನದು 500ರ ಹತ್ತಿರ, ಪೆಟ್ಟಿಗೆಯದು 71. ಬಲ್ಬಿಗೆ ಸುಮಾರು 80 ವ್ಯಾಟು, ಪೆಟ್ಟಿಗೆಗೆ 11. ಅದೇ ಗೋಡೆಗೆ ಬೇರೆ ಬೇರೆಯಾಗಿ ಚುಚ್ಚಿದರೆ ಇಬ್ಬರಿಗೂ 230 ವೋಲ್ಟ್ ಪೂರ್ತಿ ಸಿಗುತ್ತೆ, ಆಗ ತಡೆ ಕಮ್ಮಿ ಇರೋನೇ ಜಾಸ್ತಿ ಕರೆಂಟು ಎಳೆದು ಜಾಸ್ತಿ ಕಾಯ್ತಾನೆ. ಅತ್ತೆಯ ಗಿಡ್ಡ ಕಾಯಿಲಿನ ಕತೆ ಇದು. ಎರಡು ಮಾತೂ ನಿಜ, ಸನ್ನಿವೇಶ ಬೇರೆ. ಅವಳು ನೋಟ್ಸಿನಲ್ಲಿ ಬಲ್ಬಿನ ಚಿತ್ರ ಬರೆದುಕೊಂಡಳು.

ಆಮೇಲೆ ನೇರ ಚುಚ್ಚಿದೆ. ಮೊದಲ ಸಲ ಸ್ವಲ್ಪ ಹೊಗೆ, ಸುಟ್ಟ ಎಣ್ಣೆ ವಾಸನೆ, ಅಷ್ಟೇ. ಬಿಸಿ ಅಳೆಯೋ ಥರ್ಮೋಕಪಲ್ ಇಟ್ಟು ನೋಡಿದರೆ ಹತ್ತಿ ಗುರುತಿನಲ್ಲಿ 195 ಡಿಗ್ರಿಗೆ ಟಕ್ ಅಂತ ಆಫ್ ಆಯ್ತು. ಹಳೇ ಪಂಚೆ ಮೇಲೆ ಉಜ್ಜಿದೆ, ಗರಿಗರಿ. ಅಮ್ಮನಿಗೆ ಕೊಟ್ಟೆ. ಕೆಲಸ ಮುಗೀತು ಅಂದುಕೊಂಡೆ.

ಮೂರು ವಾರ ಆಯ್ತು. ಅಮ್ಮನ ಫೋನು. "ನಿನ್ ಪೆಟ್ಟಿಗೆ ಮಿಣಕ್ ಮಿಣಕ್ ಅಂತದೆ. ಏನೋ ಮೀನ್ ಸುಟ್ಟಂಗೆ ವಾಸ್ನೆ ಬತ್ತದೆ." ಕೆಟ್ಟ ಮೇಲೆ ಅದು ನನ್ನ ಪೆಟ್ಟಿಗೆ.

ಮೀನು ಸುಟ್ಟ ವಾಸನೆ ಅಂದ ಕೂಡಲೇ ಎದೆ ಧಸಕ್ ಅಂತು. ಬಿಸಿಯಾದ ಸ್ವಿಚ್ಚು ಪ್ಲಗ್ಗಿನ ಪ್ಲಾಸ್ಟಿಕ್ ಆ ವಾಸನೆ ಕೊಡುತ್ತೆ. "ಮುಟ್ಬೇಡ, ಮೇನ್ ಆಫ್ ಮಾಡು" ಅಂದೆ. ಹೋಗಿ ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನು ಬುಡದಲ್ಲಿ ಕಪ್ಪು, ಅದರ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು. ಗೋಡೆಯ ಸಾಕೆಟ್ಟಿನ ಆ ತೂತೂ ಅಷ್ಟೇ. ಉಳಿದ ಎರಡು ಪಿನ್ನು ಮದುವೆ ಪಾತ್ರೆ ಥರ ಹೊಳೀತಿದ್ದವು.

ಹಳೇ ಎಲಿಮೆಂಟಿನ ಫೋಟೋ ನೆನಪಾಗಿದ್ದು ಆಗ. ರಿವೆಟ್ಟಿನ ಜಾಗ. ಎರಡೂ ಕಡೆ ರೋಗ ಒಂದೇ. ಸಡಿಲ ಜೋಡಣೆ.

ಲೆಕ್ಕ ನೋಡಿ. ವೈರಿನ ಎರಡು ಮೀಟರ್ ತಾಮ್ರ ಹೋಗಿ ಬಂದು ಸೇರಿ ಒಂದು ಓಮಿನ ಹತ್ತರಲ್ಲಿ ಒಂದು ಭಾಗವೂ ಇಲ್ಲ. 3.3 ಆಂಪಿಯರಿಗೆ ಅಲ್ಲಿ ಹುಟ್ಟೋ ಬಿಸಿ ಒಂದು ವ್ಯಾಟಿನ ಆಸುಪಾಸು, ಅದೂ ಎರಡು ಮೀಟರ್ ಉದ್ದಕ್ಕೆ ಹಂಚಿಹೋಗುತ್ತೆ. ಕೈಗೆ ಗೊತ್ತೂ ಆಗಲ್ಲ. ಈಗ ಸಾಕೆಟ್ಟಿನೊಳಗಿನ ಹಿತ್ತಾಳೆ ಕ್ಲಿಪ್ಪು ಸಡಿಲ ಆಗಿ, ಪಿನ್ನನ್ನು ಒಂದು ಚುಕ್ಕೆಯಲ್ಲಿ ಮಾತ್ರ ಮುಟ್ಟಿಕೊಂಡಿದೆ, ಅಲ್ಲಿ ಅರ್ಧ ಓಮ್ ತಡೆ ಇದೆ ಅಂತ ಇಟ್ಟುಕೊಳ್ಳಿ. ಆ ಒಂದು ಚುಕ್ಕೆಯಲ್ಲಿ ಐದು ವ್ಯಾಟಿಗೂ ಜಾಸ್ತಿ. ಬಿಸಿಯಾದರೆ ಹಿತ್ತಾಳೆ ಕಪ್ಪಾಗುತ್ತೆ, ಕಪ್ಪಾದರೆ ತಡೆ ಜಾಸ್ತಿ, ತಡೆ ಜಾಸ್ತಿ ಆದರೆ ಇನ್ನೂ ಬಿಸಿ. ಕ್ಲಿಪ್ಪಿನ ಬಿಗಿಯೂ ಆ ಬಿಸಿಗೆ ಹೋಗುತ್ತೆ. ಪೆಟ್ಟಿಗೆ ಮತ್ತು ಪ್ಲಗ್ಗು ಒಂದೇ ದಾರಿಯಲ್ಲಿ ಕೂತಿರೋ ಬಲ್ಬು ಮತ್ತು ಪೆಟ್ಟಿಗೆ ಥರವೇ. ದಾರಿಯಲ್ಲಿ ತಡೆ ಎಲ್ಲಿದ್ದರೂ ಅಲ್ಲಿ ಬಿಸಿ ಹುಟ್ಟುತ್ತೆ. ಅದು ಎಲಿಮೆಂಟೋ ಪ್ಲಗ್ಗೋ ಅಂತ ಕರೆಂಟು ಕೇಳಲ್ಲ.

"ಎಂಸಿಬಿ ಯಾಕೆ ಹಾರಲಿಲ್ಲ ಮಾವ?" ಅಂತ ಅಕ್ಕನ ಮಗಳು. ಎಂಸಿಬಿ ನೋಡೋದು ಕರೆಂಟು ಮಿತಿ ಮೀರಿತಾ ಅಂತ ಮಾತ್ರ. ಓವರ್‌ಲೋಡಿಗೆ ಅದರೊಳಗೂ ಥರ್ಮೋಸ್ಟಾಟಿನ ಥರದ ಬಾಗೋ ಪಟ್ಟಿಯೇ ಇರೋದು. ಹಳೇ ಫ್ಯೂಸಿನ ತಂತಿಯೂ ಜಾಸ್ತಿ ಕರೆಂಟಿನ ಬಿಸಿಗೇ ಕರಗೋದು. ಸಡಿಲ ಜೋಡಣೆ ಕರೆಂಟನ್ನು ಕೂದಲೆಳೆಯಷ್ಟು ಕಮ್ಮಿಯೇ ಮಾಡುತ್ತೆ. ಎಂಸಿಬಿ ಪಾಲಿಗೆ ಎಲ್ಲ ನೆಟ್ಟಗಿದೆ. ಇಲ್ಲಿ ಕೆಲಸಕ್ಕೆ ಬಂದಿದ್ದು ಅಮ್ಮನ ಮೂಗು.

ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ (ಟೆಸ್ಟರ್ ಸರಿ ಇದೆಯಾ ಅಂತ ಆಫ್ ಮಾಡೋ ಮುಂಚೆಯೇ ನೋಡಿಕೊಂಡಿದ್ದೆ), ಸಾಕೆಟ್ ಹೊರಗೆಳೆದೆ. ಹಿಂದಿನ ಸ್ಕ್ರೂ ಕೈಬೆರಳಲ್ಲೇ ಅರ್ಧ ಸುತ್ತು ತಿರುಗಿತು. ವೈರಿನ ತುದಿ ಕಪ್ಪಾಗಿ ಕಡ್ಡಿ ಥರ ಮುರೀತಿತ್ತು. ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸುತ್ತಾ ಹೋದೆ, ಎರಡು ಇಂಚು ಹೋಯ್ತು. ಎಳೆಗಳನ್ನು ಒತ್ತಾಗಿ ಹೊಸೆದು, ಎರಡು ಮಡಿಕೆ ಮಾಡಿ, ಹೊಸ ಸಾಕೆಟ್ಟಿಗೆ ತೂರಿಸಿ ಬಿಗಿ ಮಾಡಿದೆ. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಬೇಕು. ಬಂದರೆ ಈಗಲೇ ಬರಲಿ. ಪೆಟ್ಟಿಗೆಗೂ ಹೊಸ ತ್ರೀ ಪಿನ್ ಹಾಕಿದೆ. ಹಳೇ ಪಿನ್ನನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹೊಸ ಸಾಕೆಟ್ಟಿಗೆ ಹಾಕಿದರೆ ಹೊಸದನ್ನೂ ಕೆಡಿಸುತ್ತೆ. ಅಪ್ಪ ಹಾಗೇ ಮಾಡೋಣ ಅಂದರು, ನಾನು ಒಪ್ಪಲಿಲ್ಲ. ಇಪ್ಪತ್ತು ನಿಮಿಷ ಇಸ್ತ್ರಿ ಮಾಡಿಸಿ, ಆಫ್ ಮಾಡಿ, ಕಿತ್ತು, ಪಿನ್ನಿಗೆ ಬೆರಳ ಹಿಂಬದಿ ಇಟ್ಟೆ. ತಣ್ಣಗಿತ್ತು.

ಇದೇ ಲೆಕ್ಕವನ್ನು ಹಿಗ್ಗಿಸಿದರೆ ನಮ್ಮ ಜಿಲ್ಲೆಯ ಶಿವನಸಮುದ್ರ ಸಿಗುತ್ತೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಅಷ್ಟುದ್ದದ ತಂತಿಗೆ ತಡೆ ಇದ್ದೇ ಇರುತ್ತೆ, ದಾರಿಯುದ್ದಕ್ಕೂ ಬಿಸಿಯಾಗಿ ಸೋರಿಹೋಗಬಾರದು. ಅದಕ್ಕೆ ಉಪಾಯ, ವೋಲ್ಟ್ ಏರಿಸಿ ಕರೆಂಟು ಇಳಿಸೋದು. ಅಷ್ಟೇ ವ್ಯಾಟು ಕಳಿಸುವಾಗ ಕರೆಂಟು ಅರ್ಧ ಆದರೆ ತಂತಿಯ ಬಿಸಿ ಕಾಲು ಭಾಗಕ್ಕೆ ಇಳಿಯುತ್ತೆ. ಗಗನಚುಕ್ಕಿ ನೋಡೋಕೆ ಹೋದಾಗ ಜಲಪಾತದ ಜೊತೆ ಅಲ್ಲಿನ ಕರೆಂಟು ಕಂಬಗಳನ್ನೂ ಒಮ್ಮೆ ನೋಡಿ.

ಕರೆಂಟು ಅರ್ಧ ಆದರೆ ಕಾಲು ಅಂದ ಮೇಲೆ, ಎರಡೂವರೆ ಪಟ್ಟು ಆದರೆ? ಬಚ್ಚಲ ಮನೆ ಗೀಸರ್ 2000 ವ್ಯಾಟು, 8.7 ಆಂಪಿಯರ್. ಅದೇ ಅರ್ಧ ಓಮಿನ ಸಡಿಲ ಚುಕ್ಕೆ ಅಲ್ಲಿದ್ದರೆ 38 ವ್ಯಾಟು ಹತ್ತಿರ. ನನ್ನ ಬೆಸುಗೆ ಕಡ್ಡಿಯೇ 25 ವ್ಯಾಟಿನದು. ಲೆಕ್ಕ ಬಾಯಲ್ಲಿ ಮುಗಿಯೋ ಮುಂಚೆ ಎದ್ದು ಹೋಗಿ ಗೀಸರ್ ಪ್ಲಗ್ ಕಿತ್ತು ನೋಡಿದೆ. ಬಿಳಿ ಪ್ಲಾಸ್ಟಿಕ್, ಎಡಗಡೆ ಪಿನ್ನಿನ ಸುತ್ತ ಚಹಾ ಕಲೆಯಷ್ಟು ಹಳದಿ.

"ನಾಳೆ ಬೆಳಿಗ್ಗೆ ನೀರ್ ಕಾಯಾಕಿಲ್ವೇನ್ಲಾ?" ಅಂದಳು ಅಮ್ಮ.

ಹಂಡೆ ಒಲೆಗೆ ತೆಂಗಿನ ಗರಿ ಇದೆ. 16 ಆಂಪಿಯರ್ ಸಾಕೆಟ್ಟು, ಪ್ಲಗ್ಗು ನಾಳೆ ಪೇಟೆ ಬೀದಿ ತೆರೆದ ಮೇಲೆ.